ಕಬಡ್ಡಿಗೆ ಅಜ್ಜಿಯ ಕಾವಲು

ಬೆಂಗಳೂರಿಗೆ ಹೋಗಿ ಕಬಡ್ಡಿ ಲೀಗ್ ಮ್ಯಾಚು ನೋಡಬೇಕೆಂದು ನಾನು ಕುಣಿಯುತ್ತಿದ್ದೆ. ಮನೆಯಲ್ಲಿ ಕಾರಿಲ್ಲ ಅನ್ನುವುದು ನನಗೆ ದೊಡ್ಡ ವಿಷಯವಲ್ಲ. ಗುಬ್ಬಿಯಿಂದ ತುಮಕೂರಿನ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಜೋತಾಡಿಕೊಂಡು ಹೋಗುವವಳು ನಾನು. ಕಷ್ಟ ಇದ್ದದ್ದು ಅಪ್ಪನದು.

"ಅಜ್ಜೀನ ಜೊತೇಲಿ ಕರ್ಕೊಂಡೋಗು. ಅಜ್ಜಿ ವಾಪಸ್ ಬಂದು ಪರವಾಗಿಲ್ಲ ಅಂದ್ರೆ ಮುಂದಿನ್ ಮ್ಯಾಚೂ ನೋಡ್ಕೊ. ಇಲ್ಲಾಂದ್ರೆ ಇದೇ ಕೊನೆ" ಎಂದರು.

ಮೈಯೆಲ್ಲ ಉರಿದುಹೋಯಿತು. ಕಾಲೇಜು ಟೀಮಿನಲ್ಲಿ ರೈಡರ್ ಆಗಿ ಮೊಣಕಾಲು ತರಚಿಕೊಂಡವಳಿಗೆ ಎಪ್ಪತ್ತೈದರ ಅಜ್ಜಿ ಕಾವಲು! ಆದರೂ ಬಾಯಿ ಮುಚ್ಚಿಕೊಂಡು ಹೂಂ ಅಂದೆ.

ಅಜ್ಜಿಗೋ, ಮ್ಯಾಚಿಗಿಂತ ಪುಕ್ಕಟೆ ಬಸ್ಸಿನ ಮೇಲೆ ಪ್ರೀತಿ. ಆಧಾರ್ ಕಾರ್ಡನ್ನು ಸೆರಗಿಗೆ ಗಂಟು ಹಾಕಿಕೊಂಡು ಹೊರಟಳು. ತುಮಕೂರಿನಲ್ಲಿ ಕಿಟಕಿ ಸೀಟೇ ಬೇಕೆಂದು ಮೂರು ಬಸ್ಸು ಬಿಟ್ಟಳು. ನಾಲ್ಕನೆಯದು ಊರಂಚಿನ ಬಟವಾಡಿ ದಾಟುವಷ್ಟರಲ್ಲಿ ಪಕ್ಕದ ಹೆಂಗಸಿನ ಮಗಳಿಗೆ ಗಂಡು ಹುಡುಕಿ ಮುಗಿಸಿದ್ದಳು.

ಸ್ಟೇಡಿಯಂ ಗೇಟಿನಲ್ಲಿ ಗಾರ್ಡು ಅವಳ ಎಲೆ ಅಡಿಕೆ ಚೀಲಕ್ಕೆ ಕೈಹಾಕಿ ಅಡಕತ್ತರಿ ಹೊರಗೆಳೆದ.

"ಏನಜ್ಜಿ, ಆಯುಧ ತಂದಿದೀರ?"

"ಅಡಿಕೆ ಕತ್ತರ್ಸೋದು ಕಣಪ್ಪ, ನಿನ್ ತಲೆ ಅಲ್ಲ."

ಅವನು ಕೊಡಲಿಲ್ಲ. ತನ್ನ ಟೇಬಲ್ಲಿನ ಮೇಲಿಟ್ಟುಕೊಂಡ. ಅಜ್ಜಿ ಹತ್ತು ಸಲ ತಿರುಗಿ ನೋಡುತ್ತಾ ಒಳಗೆ ಬಂದಳು.

ಆಟ ಶುರುವಾದ ಮೇಲೆ ಮಾತ್ರ ಅವಳನ್ನು ಹಿಡಿಯುವವರಿಲ್ಲ. "ಥೂ, ಏಳು ಜನ ಸೇರ್ಕೊಂಡು ಒಬ್ಬನ್ನ ಕೆಡವ್ತೀರಲ್ಲ, ನಾಚ್ಕೆ ಆಗಲ್ವಾ!" ಎಂದು ಎದ್ದು ನಿಂತು ಬೈದಳು. ಮುಂದಿನ ಸಾಲಿನವರು ತಿರುಗಿ ತಿರುಗಿ ನಕ್ಕರು.

ಅರ್ಧ ಆಟ ಮುಗಿದಾಗ ನೀರು ತರಲು ಹೋಗಿ ಬಂದೆ. ಸೀಟು ಖಾಲಿ. ಅಜ್ಜಿಯ ಹತ್ತಿರ ಫೋನೂ ಇಲ್ಲ. ಟಾಯ್ಲೆಟ್ಟು, ಮೆಟ್ಟಿಲು, ಪಾಪ್‌ಕಾರ್ನ್ ಅಂಗಡಿ ಎಲ್ಲ ಕಡೆ ಓಡಿದೆ, ಸಿಕ್ಕಸಿಕ್ಕ ದೇವರಿಗೆಲ್ಲ ಹರಕೆ ಹೊತ್ತೆ. ಕೊನೆಗೆ ಗೇಟಿನ ಆಚೆ ನೋಡಿದರೆ ಮಹಾತಾಯಿ ಗಾರ್ಡಿನ ಕುರ್ಚಿಯಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದಾಳೆ! ಅಡಕತ್ತರಿ ಜೋಪಾನವಾಗಿದೆಯಾ ಎಂದು ನೋಡಲು ಬಂದವಳಿಗೆ ವಾಪಸ್ ಹೋಗುವ ದಾರಿ ತಪ್ಪಿತ್ತು. ಗಾರ್ಡಿನ ಬಾಯಿ ಆಗಲೇ ಕೆಂಪಾಗಿತ್ತು.

ನಾನು ಗೇಟು ದಾಟಿ ಹಾರಿ ಹೋಗಿ ಅವಳ ಕೈ ಹಿಡಿದೆ.

"ಎಲ್ಲಿ ಹಾಳಾಗೋಗಿದ್ದೆ ನೀನು?" ಎಂದು ಅಜ್ಜಿ ನನ್ನನ್ನೇ ಗದರಿದಳು. ಆದರೆ ಹಿಡಿದ ಕೈಯನ್ನು ಮಾತ್ರ ಬಿಡಲಿಲ್ಲ.

ಒಳಗೆ ಹೋಗೋಣವೆಂದರೆ ಗಾರ್ಡು ಎಲೆಯ ರಸ ಉಗಿದು ಬಂದು, "ಹೊರಗ್ ಬಂದ್ಮೇಲೆ ಮತ್ತೆ ಬಿಡಂಗಿಲ್ಲಮ್ಮ, ರೂಲ್ಸು" ಎಂದ. ಉಳಿದರ್ಧ ಮ್ಯಾಚನ್ನು ಫುಟ್‌ಪಾತಿನಲ್ಲಿ ಕೂತು ಕಿವಿಯಲ್ಲೇ ಕೇಳಿದೆ. ಸಿಟ್ಟಿಗೆ ಅಳು ಬಂತು. ವಾಪಸ್ ಬಸ್ಸಿನಲ್ಲಿ ಅಜ್ಜಿ ಯಾರನ್ನೂ ಮಾತಾಡಿಸಲಿಲ್ಲ. ತುಮಕೂರು ಹತ್ತಿರ ಬಂದಾಗ, "ಮನೇಲಿ ಹೇಳ್ಬೇಡ ಕಣೇ" ಎಂದಳು. ಹೇಳಲ್ಲ ಎಂದು ಮಾತು ಕೊಟ್ಟೆ.

ಬೆಳಿಗ್ಗೆ ಅಪ್ಪ ಇಡ್ಲಿ ಮುರಿಯುತ್ತಾ, "ಹೆಂಗಿತ್ತವ್ವ? ಇವಳನ್ನ ಇನ್ನೊಂದ್ಸಲ ಕಳಿಸ್ಬೋದಾ?" ಎಂದರು.

ತನ್ನದು ತಪ್ಪು ಅಂತ ಅಜ್ಜಿ ಒಪ್ಪಿಕೊಂಡದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅವಳು ತಲೆ ತಗ್ಗಿಸಿಕೊಂಡು ತಟ್ಟೆಯನ್ನೇ ನೋಡುತ್ತಿದ್ದಳು.

"ಕಳ್ಸು. ಒಬ್ಳನ್ನೇ ಕಳ್ಸು. ನಿನ್ನೆ ಕಳ್ದೋಗಿದ್ದು ನಾನು ಕಣ್ಲಾ. ಇವ್ಳು ಆಟ ಬುಟ್ಟು ನನ್ನ ಹುಡುಕ್ಕೊಂಡು ಬಂದ್ಲು."