ಕೋರ್ಟಿನಲ್ಲಿದ್ದ ಕರಡಿಗೆ

ಕುಂದಲಹಳ್ಳಿಯ ನಮ್ಮ ಅಪಾರ್ಟ್‌ಮೆಂಟಿನ ಗೇಟಿನ ಹೊರಗೆ ಬೈಕಿನವನೊಬ್ಬ ನಮ್ಮ ಅತ್ತೆಯ ಕೊರಳಿಗೆ ಕೈ ಹಾಕಿದ. ಅವನಿಗೆ ಬೇಕಾಗಿದ್ದದ್ದು ಚಿನ್ನದ ಸರ. ಅದರ ಜೊತೆಗೆ ಶಿವದಾರವೂ ಕಿತ್ತುಬಂದು, ಬೆಳ್ಳಿಯ ಕರಡಿಗೆ, ಅದರೊಳಗಿನ ಇಷ್ಟಲಿಂಗ ಎಲ್ಲ ಹೋಯಿತು. ಸರದ ಬಗ್ಗೆ ಅತ್ತೆ ಒಂದು ಮಾತೂ ಆಡಲಿಲ್ಲ. ಲಿಂಗಪೂಜೆಯಾಗದೆ ತುತ್ತು ಮುಟ್ಟುವವರಲ್ಲ. ಮಠದ ಅಯ್ಯನವರು ಬಂದು ಬೇರೆ ಲಿಂಗ ಕಟ್ಟುವವರೆಗೆ ಉಪವಾಸವಿದ್ದರು.

ಕಳ್ಳ ಬೇಗ ಸಿಕ್ಕಿಬಿದ್ದ. ಸರ ಆಗಲೇ ಕರಗಿಹೋಗಿತ್ತು, ಕರಡಿಗೆ ಮಾತ್ರ ಒಳಗಿನ ಲಿಂಗದ ಸಮೇತ ಹಾಗೇ ಇತ್ತು. ಸ್ಟೇಷನ್ನಿಗೆ ಹೋಗಿ ಗುರುತಿಸಿದೆವು.

"ಇದು ಈಗ ಕೇಸಿನ ಮಾಲು ಮೇಡಂ. ಕೋರ್ಟಿಗೆ ಅರ್ಜಿ ಹಾಕಿ ಬಿಡಿಸ್ಕೊಳ್ಳಿ" ಎಂದರು ಪೊಲೀಸರು.

ಅತ್ತೆ ಒಪ್ಪಲಿಲ್ಲ. "ಮೈಮ್ಯಾಗಿನ ಲಿಂಗಾನ ಸಾಮಾನು ಅಂತ ಬರಸ್ತೀರೇನು? ಮಂದಿ ಮುಂದ ಎತ್ತಿ ತೋರಸ್ತಾರ. ಬ್ಯಾಡ. ಕೇಸು ಮುಗದ ಮ್ಯಾಲ ತಾನ ಬರ್ತೈತಿ."

ನನ್ನ ಗಂಡ ತಾಯಿಯ ಮಾತಿಗೆ ತಲೆದೂಗಿದರು. ಶ್ರಾವಣ ಕಳೆಯಲಿ ಎಂದರು, ಆಮೇಲೆ ದೀಪಾವಳಿ ಕಳೆಯಲಿ ಎಂದರು. ಆಫೀಸಿನಲ್ಲಿ ಒಂದು ಮೇಲ್ ತಡವಾದರೆ ಕುಣಿದಾಡುವ ಮನುಷ್ಯ! ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹೊಸ ಲಿಂಗವನ್ನು ಅತ್ತೆ ಮನೆಗೆ ಬಂದ ನೆಂಟರಂತೆ ನೋಡಿಕೊಂಡರು. ಮರ್ಯಾದೆ ಇತ್ತು, ಸಲಿಗೆ ಇರಲಿಲ್ಲ. ಚಳಿಗಾಲದ ಹೊತ್ತಿಗೆ ಅವರಿಗೆ ಹೃದಯದ ತೊಂದರೆ ಜೋರಾಯಿತು. ಹೆಚ್ಚು ದಿನವಿಲ್ಲ ಎಂದು ಡಾಕ್ಟರು ನಮಗೆ ಹೇಳಿದ್ದನ್ನು ಅವರೂ ಹೇಗೋ ತಿಳಿದುಕೊಂಡಿದ್ದರು. ಒಂದು ಬೆಳಗ್ಗೆ ಪೂಜೆಗೆ ಕೂತವರು ತಮ್ಮ ಎಡ ಅಂಗೈಯನ್ನೇ ನೋಡುತ್ತ ಕೇಳಿದರು: "ನಾ ಹೋಗೂಮುಂದ ಈ ಕೈಯಾಗ ಯಾವ್ದನ್ನ ಇಡ್ತೀರಿ, ಯವ್ವಾ?"

ನಮ್ಮಲ್ಲಿ ಅಂಗೈಯಲ್ಲಿ ಲಿಂಗವಿಟ್ಟೇ ಮಣ್ಣು ಮಾಡುವುದು. ಯಾರನ್ನೂ ಕೇಳದೆ ಕೆಳಗಿನ ಮನೆಯ ವಕೀಲೆಯ ಬಾಗಿಲು ಬಡಿದೆ.

"ಇಷ್ಟು ದಿನ ಏನ್ ಮಾಡ್ತಿದ್ರಿ? ಕೇಸು ಮುಗಿಯೋದು ಯಾವ ಕಾಲಕ್ಕೋ! ನೀವು ಕೇಳ್ದೇ ಇದ್ರೆ ಯಾರೂ ಮನೆಗೆ ತಂದ್ಕೊಡಲ್ಲ ಕಣ್ರೀ" ಎಂದು ಗದರಿ, ಅರ್ಜಿ ಬರೆಯಲು ಕೂತರು. "ಕೊಟ್ರೂ, ಕರೆದಾಗ ತಂದು ತೋರಿಸ್ಬೇಕು ಅಂತ ಷರತ್ತು ಹಾಕ್ತಾರೆ."

"ಮಣ್ಣಿಗೆ ಹೋದ್ಮೇಲೆ ಎಲ್ಲಿಂದ ತರೋದು?" ಎಂದೆ.

ವಕೀಲೆ ಬರೆದಿದ್ದ ಕೊನೆಯ ಸಾಲನ್ನು ಹೊಡೆದುಹಾಕಿದರು. "ಹಾಗಾದ್ರೆ ಅದನ್ನೂ ಈಗ್ಲೇ ಕೇಳ್ಬಿಡೋಣ. ಲಿಂಗದ ಫೋಟೊ ಕೋರ್ಟಿಗಿರ್ಲಿ. ಕರೆದ್ರೆ ಬೆಳ್ಳಿ ಕರಡಿಗೆ ತೋರಿಸ್ತೀವಿ ಅನ್ನೋಣ."

ಈ ಸಲ ಅತ್ತೆಯೇ ಮೊದಲು ಹೊರಟು ನಿಂತರು. ಕೋರ್ಟಿನಲ್ಲಿ ಗುಮಾಸ್ತರು ಸೀಲು ಒಡೆದು ಕರಡಿಗೆ ತೆರೆಯಲು ಹೋದಾಗ ಅತ್ತೆ ಕೈಮುಗಿದರು. "ಸಾಹೇಬ್ರ, ನಾನ ತೆಗೀತೀನ್ರಿ." ನ್ಯಾಯಾಧೀಶರು ಆಗಲಿ ಎಂದರು. ಅತ್ತೆ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದರು. ಫೋಟೊಗೆಂದು ಕೆಳಗಿಡಲು ಯಾರೂ ಹೇಳಲಿಲ್ಲ, ಅವರ ಕೈಯಲ್ಲಿದ್ದಂತೆಯೇ ಫೋಟೊ ತೆಗೆದರು. ಕೇಳಿದ್ದೆಲ್ಲ ಮಂಜೂರಾಯಿತು.

ಯುಗಾದಿಗೆ ಮುಂಚೆಯೇ ಅತ್ತೆ ಹೋದರು. ಅವರ ಲಿಂಗ ಅವರ ಕೈಯಲ್ಲೇ ಇತ್ತು.

ಕೇಸು ಇನ್ನೂ ನಡೆಯುತ್ತಿದೆ. ಮೊನ್ನೆ ಕರೆ ಬಂದಾಗ ಖಾಲಿ ಕರಡಿಗೆ ಹಿಡಿದುಕೊಂಡು ಹೋದೆವು. ಗುಮಾಸ್ತರು ಫೈಲಿನಿಂದ ಆ ಫೋಟೊ ತೆಗೆದು, ಇದೇ ತಾನೇ ಎಂದು ಕೇಳಿದರು. ಅದರಲ್ಲಿ ಅತ್ತೆಯ ಅಂಗೈ ಇತ್ತು. ನನ್ನ ಗಂಡ ಹೌದು ಎನ್ನಲು ಹೋಗಿ, ಅಷ್ಟು ಜನರ ನಡುವೆ ಅತ್ತುಬಿಟ್ಟರು. ಉತ್ತರ ನಾನು ಹೇಳಿದೆ.