ಪುನರ್ವಸತಿ ಕಾಲೇಜಿನ ಬೆಂಚುಗಳು

ಮುಳುಗಿದ ಊರಿನವರನ್ನು ಕಂಡೂ ಹೊಟ್ಟೆಕಿಚ್ಚು ಪಡಬಹುದು ಅನ್ನೋದು ನನಗೆ ಗೊತ್ತಾಗಿದ್ದು ಬೀಳಗಿ ತಾಲೂಕಿನ ಒಂದು ಪುನರ್ವಸತಿ ಕೇಂದ್ರದಲ್ಲಿ. ಹಿನ್ನೀರಿಗೆ ಹೋದ ಸರ್ಕಾರಿ ಕಾಲೇಜಿಗೆ ಬದಲಿಯಾಗಿ ಅಲ್ಲಿ ಹೊಸ ಕಟ್ಟಡ ಎದ್ದಿತ್ತು. ಅದರ ತಪಾಸಣೆಗೆ ಬಂದ ಸಮಿತಿಯಲ್ಲಿ ನಾನೂ ಇದ್ದೆ. ನಾನು ಪಾಠ ಮಾಡುವ ಸರ್ಕಾರಿ ಕಾಲೇಜು ಮಳೆ ಬಂದರೆ ಸೋರುತ್ತದೆ, ಅರ್ಧ ಹುಡುಗರು ನೆಲದ ಮೇಲೇ ಕೂಡುತ್ತಾರೆ. ಇಲ್ಲಿ ಕೋಣೆ ತುಂಬ ಸಾಗವಾನಿ ಬೆಂಚು! ಏನಾದರೊಂದು ಕೊರತೆ ಬರೆಯಲೇಬೇಕೆಂದು ಹುಡುಕಿದೆ. ನಳ ತಿರುಗಿಸಿದರೆ, ಹಾಳಾದ್ದು, ನೀರೂ ಬಂತು. ಕಡೆಗೆ ಸಿಕ್ಕಿತು: ಬೆಂಚಿದ್ದವು, ಹುಡುಗರಿರಲಿಲ್ಲ.

"ಹುಡುಗ್ರು ಎಲ್ಲಿ, ಬೀರಪ್ಪಾ?" ಬೆಂಚು ಒರೆಸುತ್ತಿದ್ದ ಜವಾನನನ್ನು ಕೇಳಿದೆ, ಖುಷಿ ತೋರಿಸದೆ.

"ಊರು ಮುಳುಗಿದ ಮ್ಯಾಲ ಮಂದಿ ದಿಕ್ಕಿಗೊಬ್ರು ಹೋದ್ರರಿ ಸರ. ಭಾಳ ಹುಡುಗ್ರು ನಿಮ್ಮ ಕಾಲೇಜಿಗೇ ಬರಾಕತ್ತಾರಲ್ರಿ."

ನಮ್ಮ ನೆಲದ ಮೇಲೆ ಕೂತ ಮುಖಗಳು ನೆನಪಾದವು.

"ಹಂಗಾದ್ರ ಈ ಬೆಂಚು ನಮಗರ ಕೊಟ್ಟುಬಿಡ್ರಿ."

"ಅವ್ರು ಹೊಳ್ಳಿ ಬಂದ್ರ ಎಲ್ಲಿ ಕುಂದ್ರಸೂದ್ರಿ?" ಎಂದವನೇ ಮತ್ತೆ ಒರೆಸತೊಡಗಿದ.

ತಪಾಸಣೆ ನಮೂನೆಯಲ್ಲಿ "ಪೀಠೋಪಕರಣ ಸಾಕಷ್ಟಿದೆ" ಎಂದು ಬರೆದು ಸಹಿ ಹಾಕಿದೆ. ಬೆಂಚಿನ ಹೊಟ್ಟೆಕಿಚ್ಚು ಅವತ್ತೇ ಹೋಯಿತು. ಉಳಿದದ್ದು ಬೀರಪ್ಪನ ಮೇಲಿನದು. ನಾನು ದಿನಾ ಹಾಜರಿ ಕೂಗುವುದು ಅವನು ಕಾಯುತ್ತಿರುವ ಹುಡುಗರ ಹೆಸರನ್ನೇ, ಆದರೆ ನಾನು ಇಷ್ಟು ವರ್ಷದಲ್ಲಿ ಯಾರಿಗಾಗಿಯೂ ಒಂದು ಬೆಂಚು ಒರೆಸಿಲ್ಲ.