ತಿರುಗಿ ಬಂದ ಗ್ಲಾಸುಗಳು

ಬಿಯರನ್ನು ಯಾರಾದರೂ ಶೇಕರಿಗೆ ಸುರಿದು ಕುಲುಕುತ್ತಾರೆಯೇ?

ತಾರಸಿಯ ಮೇಲಿನ ಆ ಬಾರಿನಲ್ಲಿ ಇಪ್ಪತ್ತೊಂದು ಬೇಸಿಗೆ ಕಳೆದ ನಿಂಬೆಕ್ಕನ ನಾಲಿಗೆಯ ತುದಿಗೆ ಆ ಮಧ್ಯಾಹ್ನ ಬಂದು ನಿಂತದ್ದು ಇದೊಂದೇ ಪ್ರಶ್ನೆ. ಬೇಸಿಗೆಯ ಪಾನೀಯಗಳಿಗೆ ಹೊಸ ಕಳೆ ತರಲೆಂದು ಯಜಮಾನ ಹೊರಗಿನಿಂದ ಒಬ್ಬ ತಜ್ಞನನ್ನು ಕರೆಸಿದ್ದ. ಆ ತಜ್ಞ ಹುಲ್ಲಿನ ಟೋಪಿಯನ್ನು ಹಿಂದಕ್ಕೆ ಸರಿಸಿ, ಟೊಮೆಟೊ ರಸ, ನಿಂಬೆರಸ, ಖಾರದ ಸಾಸು ಹಾಕಿ, ಅದರ ಮೇಲೆ ಬಾಟಲಿಯಲ್ಲಿದ್ದ ಬಿಯರಷ್ಟನ್ನೂ ಸುರಿದು, ಸ್ಟೀಲಿನ ಮುಚ್ಚಳ ಬಿಗಿದು, ಶೇಕರನ್ನು ಕಿವಿಯ ಮಟ್ಟಕ್ಕೆ ಎತ್ತಿದ. ಯಜಮಾನ ಕೈಕಟ್ಟಿ ನೋಡುತ್ತಿದ್ದ. ನಡುವೆ ಬಾಯಿ ಹಾಕುವುದು ಬೇಡವೆಂದು ನಿಂಬೆಕ್ಕ ಪ್ರಶ್ನೆಯನ್ನು ನುಂಗಿಕೊಂಡಳು.

ನಾಲ್ಕನೆಯ ಕುಲುಕಿಗೆ ಮುಚ್ಚಳ ಹಾರಿ ಫ್ಯಾನಿನ ರೆಕ್ಕೆಗೆ ಬಡಿಯಿತು. ಕೆಂಪು ನೊರೆ ಯಜಮಾನನ ಬಿಳಿ ಅಂಗಿಯನ್ನೂ ತಜ್ಞನ ಮೀಸೆಯನ್ನೂ ಭೇದವಿಲ್ಲದೆ ತೋಯಿಸಿತು.

"ಬಿಯರ್ ತಣ್ಣಗಿರಲಿಲ್ಲ ಸಾರ್," ಎಂದ ತಜ್ಞ, ಮುಖ ಒರೆಸಿಕೊಳ್ಳುವುದಕ್ಕೂ ಮೊದಲೇ. "ಇಲ್ಲಿ ಫ್ರಿಜ್ ನೋಡ್ಕೊಳ್ಳೋರು ಯಾರು?"

ಕುಣಿಯಲಾರದವಳು ನೆಲ ಡೊಂಕೆಂದ ಗಾದೆಗೆ ಆ ದಿನ ಮೀಸೆ ಬಂದಿತ್ತು. ಬೆರಳಿಗೆ ಅಂಟಿಕೊಳ್ಳುವಷ್ಟು ತಣ್ಣಗಿದ್ದ ಆ ಬಾಟಲಿಯನ್ನು ತೆಗೆದುಕೊಟ್ಟವಳು ನಿಂಬೆಕ್ಕನೇ. ಆದರೆ ಯಜಮಾನನಿಗೆ ಕಾಣುತ್ತಿದ್ದದ್ದು ತನ್ನ ಅಂಗಿ ಮಾತ್ರ.

"ಏನಮ್ಮ, ಅಷ್ಟೂ ನೋಡ್ಕೊಳ್ಳೋಕೆ ಆಗಲ್ವಾ ನಿನಗೆ? ನಾಳೆಯಿಂದ ಸಿಂಕಿನ ಹತ್ರ ಇರು. ಕೌಂಟರ್ ಇವರು ನೋಡ್ಕೋತಾರೆ. ಬೇಸಿಗೆ ಮುಗೀಲಿ, ಆಮೇಲೆ ನೋಡೋಣ."

'ಆಮೇಲೆ ನೋಡೋಣ' ಎಂಬುದರ ಅರ್ಥ ಕೈಕೆಳಗೆ ದುಡಿಯುವವರಿಗೆಲ್ಲ ತಿಳಿದೇ ಇರುತ್ತದೆ. ಅದು ನಯವಾಗಿ ಮುಚ್ಚಿದ ಬಾಗಿಲು.

ಆ ಸಿಂಕಿನಿಂದಲೇ ಆಕೆ ಮೇಲೆ ಬಂದಿದ್ದಳು. ಮದುವೆಯಾದ ಹೊಸತರಲ್ಲಿ ಗ್ಲಾಸು ತೊಳೆಯಲು ಸೇರಿದ್ದಳು. ಆಗ ಕೌಂಟರಿನಲ್ಲಿದ್ದವರು ದೊಡ್ಡ ಮಾಸ್ಟರು. ಹರೆಯದಲ್ಲಿ ಸರಕು ಹಡಗಿನ ಅಡುಗೆಮನೆಯಲ್ಲಿ ದುಡಿದು, ಅಲ್ಲಿ ಜೊತೆಗಿದ್ದ ಮೆಕ್ಸಿಕೋದ ಅಡುಗೆಯವನಿಂದ ಮಿಚೆಲಾಡ ಮಾಡುವುದನ್ನು ಕಲಿತು ಬಂದವರು. ಸೆಕೆಗೆ ನಾಲಿಗೆ ಒಣಗಿದವನ ಮುಂದೆ ಉಪ್ಪು, ಖಾರ, ಹುಳಿ, ನೊರೆ ನಾಲ್ಕನ್ನೂ ಒಂದೇ ಗ್ಲಾಸಿನಲ್ಲಿ ಇಡುವ ಬಿಯರಿನ ಪಾನೀಯ ಅದು; ತಜ್ಞ ಕುಲುಕಿದ್ದೂ ಅದನ್ನೇ. ಮಾಸ್ಟರು ಅದನ್ನು ಆಕೆಗೆ ಕಲಿಸಲು ಶುರುಮಾಡಿದ್ದು ಬಾಟಲಿಯಿಂದಲ್ಲ, ಎಂಜಲು ಗ್ಲಾಸಿನಿಂದ.

"ಗಿರಾಕಿ ಬಾಯಲ್ಲಿ ಸುಳ್ಳು ಹೇಳ್ತಾನಮ್ಮ. 'ಚೆನ್ನಾಗಿತ್ತು' ಅಂತಾನೆ, ಎದ್ದು ಹೋಗ್ತಾನೆ. ಗ್ಲಾಸು ಸುಳ್ಳು ಹೇಳಲ್ಲ. ತೊಳೆಯೋಕೆ ಮುಂಚೆ ನೋಡು."

ನಿಂಬೆಕ್ಕ ನೋಡತೊಡಗಿದಳು. ಅಂಚಿನ ಉಪ್ಪು ಹಾಗೇ ಉಳಿದು ಬಂದರೆ ಉಪ್ಪು ಹೆಚ್ಚು. ಹಿಂಡಿ ಹಿಪ್ಪೆಯಾದ ನಿಂಬೆಹೋಳು ತಳದಲ್ಲಿದ್ದರೆ ಹುಳಿ ಸಾಲದೆ ಗಿರಾಕಿ ತಾನೇ ಹಿಂಡಿಕೊಂಡಿದ್ದಾನೆ. ಖಾರದ ಪುಡಿ ಕೆಸರಿನಂತೆ ಕೂತಿದ್ದರೆ ಅದು ಹೊಟ್ಟೆ ಸೇರದೆ ವ್ಯರ್ಥವಾಗಿದೆ. ಮೂರರಲ್ಲೊಂದು ಪಾಲು ಮಿಕ್ಕಿದ್ದರೆ ಕುಡಿದು ಮುಗಿಸುವ ಮೊದಲೇ ಬಿಸಿಯಾಗಿದೆ, ಅಂದರೆ ಗ್ಲಾಸೇ ದೊಡ್ಡದಾಯಿತು. ಮಾಸ್ಟರರ ಕೈ ನಡುಗಲು ಶುರುವಾಗಿ ಆಕೆ ಕೌಂಟರಿಗೆ ಬಂದಾಗ ಈ ಲೆಕ್ಕಗಳೆಲ್ಲ ಬೆರಳಿಗೆ ಇಳಿದಿದ್ದವು. ಗ್ಲಾಸನ್ನು ಚಿಕ್ಕದು ಮಾಡಿದಳು. ಖಾರದ ಪುಡಿಯನ್ನು ಉಪ್ಪಿನಲ್ಲೇ ಬೆರೆಸಿ, ಅಂಚಿನ ಅರ್ಧಕ್ಕೆ ಮಾತ್ರ ಹಚ್ಚಿದಳು; ಬೇಕಾದವನು ಆ ಬದಿಯಿಂದ ಕುಡಿಯಲಿ, ಬೇಡವಾದವನು ಗ್ಲಾಸು ತಿರುಗಿಸಿಕೊಳ್ಳಲಿ. ನಿಂಬೆಯನ್ನು ಗಿರಾಕಿ ಕೂತ ಮೇಲೆಯೇ ಕೊಯ್ದಳು. ಬಿಯರನ್ನು ಎಲ್ಲಕ್ಕಿಂತ ಕೊನೆಗೆ, ಗ್ಲಾಸನ್ನು ಓರೆ ಹಿಡಿದು, ಗೋಡೆಗುಂಟ ಇಳಿಸಿದಳು. ನಿಂಬೆಕ್ಕ ಎಂಬ ಹೆಸರು ಬಿದ್ದದ್ದು ಆಗಲೇ. ಗ್ಲಾಸುಗಳು ಖಾಲಿಯಾಗಿ ಬಂದವು.

ಇಷ್ಟಾಗಿಯೂ ಆಕೆ ಬಿಯರು ಕುಡಿದವಳಲ್ಲ. ಬೆರಕೆಯ ಒಂದು ಹನಿಯನ್ನು ಮುಂಗೈ ಮೇಲೆ ಬಿಟ್ಟು ನೆಕ್ಕಿ ನೋಡುವುದಷ್ಟೇ. ತಜ್ಞನಿಗೆ ಈ ಸಂಗತಿ ಸಿಕ್ಕಿದ್ದೇ ತಡ, ಅದೇ ಅವನ ಆಯುಧವಾಯಿತು.

"ಕುಡಿಯದೇ ಇರೋರು ರುಚಿ ಹೇಗಮ್ಮ ಹೇಳ್ತಾರೆ? ಈಜು ಬಾರದೋರು ಈಜು ಕಲಿಸಿದ ಹಾಗೆ," ಎಂದು ಅದೇ ಮಧ್ಯಾಹ್ನ ಎಲ್ಲರೆದುರು ನಕ್ಕಿದ್ದ. ಯಜಮಾನನೂ ನಕ್ಕಿದ್ದ. ನಿಂಬೆಕ್ಕನಿಗೆ ಮಾತು ಹೊಳೆದಿರಲಿಲ್ಲ. ಹೊಳೆಯಲಿಲ್ಲವೆಂಬ ಸಿಟ್ಟು ಅವಮಾನಕ್ಕಿಂತ ಹೆಚ್ಚು ಸುಟ್ಟಿತ್ತು.

ಸಿಂಕಿಗೆ ಹೋಗೆಂದ ದಿನ ಸಂಜೆ ಮನೆಯಲ್ಲಿ ತಟ್ಟೆಗಳು ಮಾಮೂಲಿಗಿಂತ ಜೋರಾಗಿ ಸದ್ದು ಮಾಡಿದವು. ಹಾಸಿಗೆಯ ಮೇಲೆ ಕಾಲು ಚಾಚಿ ಕೂತಿದ್ದ ಅತ್ತೆ ಕೇಳಿದರು:

"ಯಾರ ಮೇಲಿನ ಕೋಪ ಆ ತಟ್ಟೆ ಮೇಲೆ?"

ನಿಂಬೆಕ್ಕ ಎಲ್ಲವನ್ನೂ ಹೇಳಿದಳು. ಅತ್ತೆ ಕೊನೆಯವರೆಗೂ ಕೇಳಿಸಿಕೊಂಡು, ಕನ್ನಡಕ ಒರೆಸುತ್ತ ಅಂದರು: "ಸೂಲಗಿತ್ತಿ ಏನು, ತಾನು ಮಾಡಿಸಿದ ಹೆರಿಗೆನೆಲ್ಲ ತಾನೇ ಹೆತ್ತಿರ್ತಾಳಾ? ಹಾಗಂತ ಕೇಳ್ಬೇಕಿತ್ತು ಆ ಟೋಪಿಯವನ್ನ."

"ಆಗ ಹೊಳೀಲಿಲ್ಲ ಅತ್ತೆ."

"ನನ್ನ ಕರ್ಕೊಂಡು ಹೋಗ್ಬೇಕಿತ್ತು."

ಮರುದಿನದಿಂದ ನಿಂಬೆಕ್ಕ ಸಿಂಕಿನೆದುರು ನಿಂತಳು. ಒಂದು ಗೋಡೆಯಾಚೆ, ಅವಳದೇ ಕೌಂಟರಿನಲ್ಲಿ, ತಜ್ಞ ಬೆಳಗ್ಗೆ ಹತ್ತಕ್ಕೇ ಮೂರು ಡಜನ್ ನಿಂಬೆ ಹಿಂಡಿಸಿ ಜಾಡಿಗೆ ತುಂಬಿಸುತ್ತಿದ್ದ. ಶೇಕರಿನ ಸಹವಾಸ ಬಿಟ್ಟಿದ್ದ. ಬದಲಿಗೆ ರಸವನ್ನೂ ಬಿಯರನ್ನೂ ದೊಡ್ಡ ಜಗ್ಗಿನಲ್ಲಿ ಮೊದಲೇ ಬೆರೆಸಿಡುತ್ತಿದ್ದ. ಗ್ಲಾಸುಗಳಿಗೆ ಸುತ್ತ ಉಪ್ಪು ಮೆತ್ತಿ ಫ್ರೀಜರಿನಲ್ಲಿ ಸಾಲಾಗಿ ಇರಿಸುತ್ತಿದ್ದ. ನೊರೆ ಸತ್ತ ಬಿಯರು, ಹೊತ್ತು ಮೀರಿ ಕಹಿಯಾದ ನಿಂಬೆರಸ, ಹೊರಗೆ ತಂದೊಡನೆ ಬೆವರಿ ಗ್ಲಾಸಿನೊಳಕ್ಕೆ ಇಳಿಯುವ ಉಪ್ಪು. ನಿಂಬೆಗಾದರೂ ಇವನು ಒಂದು ಮರ್ಯಾದೆ ಕೊಡಬಾರದೇ? ತನಗೆ ಮಾಡಿದ್ದು ಹಾಗಿರಲಿ, ಮಾಸ್ಟರರ ಕೈಯಿಂದ ಬಂದ ಕೆಲಸಕ್ಕೆ ಹೀಗೆ ಮಾಡುವುದೆಂದರೇನು?

ಮೂರನೆಯ ದಿನ ಶನಿವಾರ. ಬಿಸಿಲು ತಾರಸಿ ನೆಲದ ಹೆಂಚನ್ನು ದೋಸೆ ಹಂಚಾಗಿಸಿತ್ತು; ಕೊಡೆಗಳ ಕೆಳಗೆ ಒಂದು ಕುರ್ಚಿಯೂ ಖಾಲಿಯಿರಲಿಲ್ಲ. ಹಳೆಯ ಸರ್ವರು ಟ್ರೇ ತುಂಬ ಗ್ಲಾಸು ತಂದು ಸಿಂಕಿನ ಪಕ್ಕ ಇಟ್ಟ.

"ಅಕ್ಕ, ನೋಡಿ ಇದನ್ನ. ಎಲ್ಲರೂ 'ಚೆನ್ನಾಗಿದೆ' ಅಂತಾರೆ, ಎರಡನೇದು ಯಾರೂ ಹೇಳ್ತಿಲ್ಲ."

ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ. ಒಂದೊಂದರಲ್ಲೂ ಅರ್ಧಕ್ಕಿಂತ ಮೇಲೆ ಮಂಕು ಕೆಂಪು ನೀರು; ಅಂಚಿನಲ್ಲಿ ಟಿಶ್ಯೂ ಕಾಗದದಿಂದ ಉಪ್ಪು ಒರೆಸಿದ ಗುರುತು. ನಿಂಬೆಕ್ಕ ನಲ್ಲಿ ತಿರುಗಿಸಿದಳು. ಕ್ಷಣ ನಿಂತಳು. ನಲ್ಲಿ ನಿಲ್ಲಿಸಿದಳು.

"ಇನ್ನು ಬರೋದನ್ನೆಲ್ಲ ಕೌಂಟರಿನ ಮೇಲೇ ಇಡಿ. ನಾನು ತೊಳೆಯಲ್ಲ."

"ಅಕ್ಕ, ಕೆಲಸ ಹೋಗುತ್ತೆ."

"ಹೋಗಿ ಆಗಿದೆಯಪ್ಪಾ. ಇನ್ನು ಹೋಗೋಕೆ ಏನಿದೆ?"

ಆಕೆ ಟ್ರೇ ಹೊತ್ತು ಕೌಂಟರಿಗೆ ಬಂದು ಗ್ಲಾಸುಗಳನ್ನು ಒಂದರ ಪಕ್ಕ ಒಂದು ಜೋಡಿಸಿದಳು. ಮುಂದಿನ ಟ್ರೇ ಬಂತು, ಅದನ್ನೂ. ಒಳಗೆ ತೊಳೆದ ಗ್ಲಾಸು ಮುಗಿಯಿತು, ತಜ್ಞ ಕೂಗಿದ, ಯಜಮಾನ ಓಡಿ ಬಂದ. ಅಷ್ಟರಲ್ಲಿ ಸಾಲು ಕೌಂಟರಿನ ಈ ತುದಿಯಿಂದ ಆ ತುದಿ ಮುಟ್ಟಿತ್ತು. ಎಲ್ಲ ಗ್ಲಾಸಿನಲ್ಲೂ ಅಳತೆಪಟ್ಟಿ ಹಿಡಿದು ಗೆರೆ ಎಳೆದಂತೆ ಒಂದೇ ಮಟ್ಟ.

"ಏನಮ್ಮ ಇದು ಅವತಾರ? ಗಿರಾಕಿಗಳು ನೋಡ್ತಿದಾರೆ!"

"ನೋಡ್ಲಿ ಅಂತಾನೇ ಇಟ್ಟಿದ್ದು ಸಾರ್. ಮೊದಲು ನೀವು ನೋಡಿ. ಕೌಂಟರಿಗೆ ಬಂದು ಇಷ್ಟು ವರ್ಷದಲ್ಲಿ ನನ್ನ ಕೈಯಿಂದ ಹೋದ ಗ್ಲಾಸು ಹೀಗೆ ವಾಪಸ್ ಬಂದಿತ್ತಾ?"

"ಇವರಿಗೇನ್ ಗೊತ್ತು ಸಾರ್," ತಜ್ಞ ನಡುವೆ ಬಂದ, "ಕುಡಿಯದೇ ಇರೋರು..."

"ಆ ಮಾತಿಗೆ ನಮ್ಮತ್ತೆ ಉತ್ತರ ಇಟ್ಕೊಂಡು ಕಾಯ್ತಿದಾರೆ. ಬೇಕಿದ್ರೆ ವಿಳಾಸ ಕೊಡ್ತೀನಿ," ಎಂದಳು ನಿಂಬೆಕ್ಕ ಅವನತ್ತ ತಿರುಗದೆ. "ಸಾರ್, ನೀವು ಕುಡೀತೀರಲ್ಲ. ಜಗ್ಗಿಂದ ಒಂದು ಗ್ಲಾಸು ತಗೊಳ್ಳಿ. ಪೂರ್ತಿ ಮುಗಿಸಿ. ಮುಗಿಸಿದ್ರೆ ಇದಷ್ಟನ್ನೂ ನಾನೇ ತೊಳೆದಿಟ್ಟು ಮನೆಗೆ ಹೋಗ್ತೀನಿ, ನಾಳೆ ಬರಲ್ಲ."

ಯಜಮಾನ ಫ್ರೀಜರಿನಲ್ಲಿ ಉಳಿದಿದ್ದ ಕೊನೆಯ ಗ್ಲಾಸಿಗೆ ಜಗ್ಗು ಬಗ್ಗಿಸಿ, ತುಂಬಿಸಿ ಎತ್ತಿದ. ಒಂದು ಗುಟುಕು. ಎರಡನೆಯದಕ್ಕೆ ಹುಬ್ಬು ಕೂಡಿತು. ಮೂರನೆಯದನ್ನು ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು, ಬೇರೆ ದಾರಿಯಿಲ್ಲದೆ ನುಂಗಿದ. ಆಮೇಲೆ ಗ್ಲಾಸನ್ನು ಕೆಳಗಿಟ್ಟ. ಅವನು ಬೇಕೆಂದೇ ಮಾಡಿದ್ದೋ ಕೈ ತಾನಾಗಿ ಹೋದದ್ದೋ, ಅದು ಸಾಲಿನ ಕೊನೆಗೇ ಕೂತಿತು. ಉಳಿದವುಗಳ ಮಟ್ಟಕ್ಕೆ ಸರಿಯಾಗಿ.

"ನಿಂಬೆಹಣ್ಣು ಎಲ್ಲಿದೆಯಮ್ಮ?" ಎಂದು ಕೊನೆಗೆ ಸಣ್ಣ ದನಿಯಲ್ಲಿ ಕೇಳಿದ.

"ಮೊದಲು ಆ ಫ್ರಿಜ್ ವಿಷಯ ಹೇಳಿ ಸಾರ್. ಅವತ್ತು ಬಿಯರು ತಣ್ಣಗಿತ್ತೋ ಇರಲಿಲ್ಲವೋ?"

ಯಜಮಾನ ತಜ್ಞನನ್ನು ನೋಡಿದ. ತಜ್ಞ ಟೋಪಿ ಸರಿಪಡಿಸಿಕೊಂಡ.

"ತಣ್ಣಗೇ ಇತ್ತಮ್ಮ," ಎಂದ ಯಜಮಾನ.

"ಜೋರಾಗಿ ಹೇಳಿ. ಅವತ್ತು ಬೈದದ್ದು ಎಲ್ಲರಿಗೂ ಕೇಳಿಸಿತ್ತು."

ಅವನು ಜೋರಾಗಿ ಹೇಳಿದ. ನಿಂಬೆಕ್ಕ ಜಗ್ಗನ್ನು ಮೋರಿಗೆ ಬಗ್ಗಿಸಿ ಚಾಕು ಕೈಗೆತ್ತಿಕೊಂಡಳು. ಆದರೆ ಹಣ್ಣಿಗೆ ಚಾಕು ಇಡಲಿಲ್ಲ. ಸಾಲುಗಟ್ಟಿದ ಗ್ಲಾಸುಗಳತ್ತ ಗದ್ದ ತೋರಿಸಿ ತಜ್ಞನಿಗೆ ಅಂದಳು:

"ಗ್ಲಾಸಿಲ್ಲದೆ ನಾನು ಶುರುಮಾಡೋಕಾಗಲ್ಲ. ಸಿಂಕು ಅಲ್ಲಿದೆ. ತೊಳೆಯೋಕೆ ಮುಂಚೆ ಒಂದೊಂದನ್ನೂ ನೋಡಿ."